ಕಾರ್ಬುರೇಟರಿಗೆ ಕುಸುಬಿ ಎಣ್ಣೆ

ನಮ್ಮ ಕಾಕಾ ತಂದ ಕಾರಿಗೆ ಇದ್ದದ್ದು ಎರಡೇ ಸೀಟು. ಹುಬ್ಬಳ್ಳಿಯ ಡಾಕ್ಟರೊಬ್ಬರು ಊರು ಬಿಡುವಾಗ ಮಾರಿಹೋದ ಹಳೆಯ ವಿಲಾಯತಿ ಗಾಡಿ. ನೆಲಕ್ಕೆ ಹತ್ತಿಕೊಂಡಷ್ಟು ತಗ್ಗು, ಮೇಲಿನ ಟಪ್ಪು ಮಡಚಿದರೆ ಪೂರ್ತಿ ಬಯಲು. ಸಂಶಿಯಂಥ ಎರೆಮಣ್ಣಿನ ಊರಿಗೆ ಅದು ಯಾವ ರೀತಿಯಿಂದಲೂ ಹೊಂದುವ ವಸ್ತುವಲ್ಲ. ಒಂದು ಮಳೆ ಬಿದ್ದರೆ ಎತ್ತು ಹೂಡಿ ಎಳೆಯಬೇಕಾಗುತ್ತಿತ್ತು. ಮನೆಯಲ್ಲಿ ಹದಿನಾಲ್ಕು ಮಂದಿ ಇರುವಾಗ ಇಬ್ಬರೇ ಕೂಡುವ ಗಾಡಿ ತಂದನಲ್ಲ ಎಂದು ಅಜ್ಜಿ ಬಹಳ ದಿನ ಗೊಣಗಿದಳು. ಕಾಕಾ ನಕ್ಕುಬಿಡುತ್ತಿದ್ದ. ಎಡಗಡೆಯ ಸೀಟು ಅವನ ಹೆಂಡತಿ, ನಮ್ಮ ಚಿಗವ್ವನದು, ಅದರಲ್ಲಿ ಬೇರೆ ಯಾರನ್ನೂ ಅವನು ಕೂಡಿಸಿದ್ದು ನನಗೆ ನೆನಪಿಲ್ಲ. ಸಂಜೆ ಇಬ್ಬರೂ ಕುಂದಗೋಳದ ತನಕ ಹೋಗಿ, ಧೂಳು ಮೆತ್ತಿಕೊಂಡು ಬರುತ್ತಿದ್ದರು. ಮಕ್ಕಳಿಲ್ಲದ ಆ ಇಬ್ಬರಿಗೆ ಅಷ್ಟೇ ಸಾಕಾಗಿತ್ತೋ ಏನೋ.

ಎಂಬತ್ತರ ದಶಕದ ಆರಂಭದಲ್ಲಿ ಕಾಕಾನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಒಂದೇ ದಿನ ಹೋದವು. ಗಾಡಿ ತಗಡಿನ ಶೆಡ್ಡಿನಲ್ಲಿ ನಿಂತುಬಿಟ್ಟಿತು. ಅದರ ಸೀಟಿನ ಮೇಲೆ ಕೋಳಿಗಳು ಮೊಟ್ಟೆ ಇಟ್ಟವು. ಚಿಗವ್ವ ದಿನಾ ಅವನನ್ನು ಮೀಯಿಸಿ, ವಿಭೂತಿ ಹಚ್ಚಿ, ಕಟ್ಟೆಯ ಮೇಲೆ ಕೂಡಿಸುವಳು. ಅವನು ಶೆಡ್ಡಿನ ಕಡೆ ನೋಡುತ್ತ ಎಡಗೈಯನ್ನು ಕೀಲಿ ತಿರುಗಿಸಿದಂತೆ ತಿರುಗಿಸುವನು. ಮೂರನೆಯ ವರ್ಷ, ಹೃದಯವೂ ಸೋತಿದೆ, ಬಹಳ ದಿನ ಇಲ್ಲ ಎಂದು ಡಾಕ್ಟರು ಹೇಳಿದರು. ಆಗ ನಾನು ಹಿಟ್ಟಿನ ಗಿರಣಿ ನಡೆಸುತ್ತಿದ್ದೆ. ಡೀಸೆಲ್ ಇಂಜಿನ್ ಬಿಚ್ಚಿ ಕೂಡಿಸಿದವನೆಂಬ ಜಂಬ ಬೇರೆ.

"ಕಾಕಾ, ಗಾಡಿ ಚಾಲೂ ಮಾಡತೇನಿ. ಸ್ಟೇಶನ್ನಿನ ಮಟ ಒಂದು ಸಲ ಹೋಗಿ ಬರೂಣು" ಎಂದೆ. ಅವನ ಎಡಗಣ್ಣು ಒದ್ದೆಯಾಯಿತು.

ಯುಗಾದಿ ಮುಗಿದ ಮರುದಿನ ಶೆಡ್ಡಿನ ಬಾಗಿಲಿಗೆ ಅವನ ಕುರ್ಚಿ ಹಾಕಿ ಕೆಲಸ ಹಿಡಿದೆ. ಪ್ಲಗ್ಗು ಬಿಚ್ಚಿ ತಿಕ್ಕಿದೆ. ಪ್ಲಗ್ಗಿಗೆ ಕಿಡಿ ಕೊಡುವ ಪಾಯಿಂಟಿಗೆ ಪಾಲಿಶ್ ಕಾಗದ ಹಾಕಿ ಕರಕಲು ತೆಗೆದೆ. ಅದರ ಸಂದು ಅಳೆಯುವ ಗೇಜು ನನ್ನ ಹತ್ತಿರ ಇರಲಿಲ್ಲ. ಕಾಕಾ ಎಡಗೈಯಿಂದ ಗೋಡೆಗೆ ಸಿಕ್ಕಿಸಿದ್ದ ಹಳೆಯ ಪೋಸ್ಟ್ ಕಾರ್ಡು ತೋರಿಸಿದ, ಆಮೇಲೆ ಎರಡು ಬೆರಳು ಎತ್ತಿದ. ಎರಡು ಮಡಿಕೆ ಮಾಡಿ ತೂರಿಸಿದೆ, ಸಂದು ಸರಿಯಾಯಿತು. ಗುರು-ಶಿಷ್ಯರಿಬ್ಬರೂ ಅವತ್ತು ಭಾಳ ಖುಷಿಯಲ್ಲಿದ್ದೆವು.

ಆಮೇಲೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರಿಗೆ ಕೈ ಹಾಕಿದೆ. ಆ ಗಾಡಿಗೆ ಎರಡು ಇದ್ದವು. ತಲೆಯ ಮೇಲಿನ ಕರಿ ಮುಚ್ಚಳ ತಿರುಗಿಸಿ ತೆಗೆದು, ನಾಲ್ಕು ಹನಿ ಇಂಜಿನ್ ಆಯಿಲ್ ಬಿಡಬೇಕು. ಒಳಗಿನ ಪಿಸ್ಟನ್ ಸರಾಗವಾಗಿ ಏರಿಳಿಯಬೇಕು. ನಾನು ನೋಡಿದಾಗ ಎರಡೂ ಪಿಸ್ಟನ್ ಬೆಲ್ಲದ ಪಾಕದಲ್ಲಿ ಅದ್ದಿ ಒಣಗಿಸಿದಂತೆ ಕಚ್ಚಿಕೊಂಡಿದ್ದವು. ಉಗುರಿನಿಂದ ಕೆರೆದು ಮೂಸಿದೆ. ಅಡಿಗೆಮನೆಯ ವಾಸನೆ. ಕುಸುಬಿ ಎಣ್ಣೆ ಗಾಳಿಗೆ ಬಿಟ್ಟರೆ ಅಂಟಾಗಿ ಗಟ್ಟಿಯಾಗುವುದು ನಮ್ಮ ಕಡೆ ದೀಪ ತೊಳೆಯುವವರಿಗೆಲ್ಲ ಗೊತ್ತು.

"ಇದರಾಗ ಕುಸುಬಿ ಎಣ್ಣಿ ಯಾರು ಹಾಕಿದ್ರು?" ಎಂದು ಕೂಗಿದೆ.

ಕಾಕಾನಿಗೆ ಅಂಬಲಿ ತಂದಿದ್ದ ಚಿಗವ್ವ ಹೇಳಿದಳು, "ನಾನ ಹಾಕೇನಿ. ಅಮಾಸಿಗೊಮ್ಮೆ ಹಾಕತೇನಿ. ಎಣ್ಣಿ ಆರಬಾರದು ಅಂತ ಅವರು ಮೊದಲ ಹೇಳತಿದ್ರಲ್ಲಾ. ಗಾಣದ ಹೊಸಾ ಎಣ್ಣಿನ ಅದು."

ನನ್ನದು ಹುಟ್ಟಾ ಮುಂಗೋಪ. ಮಾತು ಕೊಟ್ಟು ಕೂತಿದ್ದೆ ಬೇರೆ. "ಎಣ್ಣಿ ಅಂದ್ರ ಎಲ್ಲಾ ಒಂದ ಏನಬೇ? ಒಗ್ಗರಣಿ ಎಣ್ಣಿ ಇಂಜಿನ್ನಿಗೆ ಹಾಕತಾರೇನು? ಕಾಕಾನ ಜೀವ ಇತ್ತು ಇದರಾಗ. ಮೂರು ವರ್ಷ ಕುಂತು ಕೊಂದಿ ನೋಡು" ಎಂದುಬಿಟ್ಟೆ.

ಅವಳು ಕಾಕಾನ ಕಡೆ ನೋಡಿದಳು. ಅವನ ಗಂಟಲಿನಿಂದ ಏನೋ ಸದ್ದು ಬಂತು, ಮಾತಾಗಲಿಲ್ಲ. ಅವಳು ಅಂಬಲಿ ಕೆಳಗಿಟ್ಟು ಒಳಗೆ ಹೋದಳು. ಮತ್ತೆ ಶೆಡ್ಡಿನ ಕಡೆ ಬರಲಿಲ್ಲ. ನಾನೂ ಕರೆಯಲಿಲ್ಲ. ಹೋಗಿ ಒಂದು ಮಾತಾಡಿ ಬರಬೇಕು ಅನ್ನಿಸುತ್ತಿತ್ತು, ಇಂಜಿನ್ ಚಾಲೂ ಆಗಲಿ, ಆಮೇಲೆ ಎಲ್ಲ ತಾನೇ ಸರಿಹೋಗುತ್ತದೆ ಎಂದುಕೊಂಡೆ.

ಸೀಮೆಎಣ್ಣೆಯಲ್ಲಿ ನೆನೆಹಾಕಿ, ಬಿಸಿ ಸೋಡಾ ನೀರಿನಲ್ಲಿ ತೊಳೆದು, ಬಿದಿರು ಕಡ್ಡಿಯಿಂದ ಕೆರೆದು, ಒಂಬತ್ತನೆಯ ದಿನ ಇಂಜಿನ್ ಹತ್ತಿತು. ಶೆಡ್ಡಿನ ತುಂಬ ಬಿಳಿ ಹೊಗೆ. ಕೋಳಿಗಳು ದಿಕ್ಕಾಪಾಲಾದವು. ಕಾಕಾನ ಅರ್ಧ ಮುಖ ನಕ್ಕಿತು. ಹೊಲಕ್ಕೆ ಬರುವ ಇಬ್ಬರು ಆಳುಗಳೊಂದಿಗೆ ಅವನನ್ನು ಎತ್ತಿ ಎಡಗಡೆ ಸೀಟಿನಲ್ಲಿ ಕೂಡಿಸಿದೆ. ನಾನು ಗೇರಿಗೆ ಕೈ ಹಾಕಿದ ಕೂಡಲೇ ಅವನು ಬೇಡ ಬೇಡ ಎಂದು ತಲೆ ಆಡಿಸಿದ. ಎಡಗೈಯನ್ನು ಹೊರಗೆ ಚಾಚಿ ಗಾಡಿಯ ಬಾಗಿಲನ್ನು ದಪ್ ದಪ್ ಬಡಿಯತೊಡಗಿದ. ಅವನ ಕಣ್ಣು ಮನೆಯ ಹೊಸ್ತಿಲ ಮೇಲೆ ನಿಂತಿದ್ದ ಚಿಗವ್ವನ ಮೇಲಿತ್ತು.

ಅವನು ಏನು ಹೇಳುತ್ತಿದ್ದಾನೆಂದು ನನಗೆ ಸ್ಪಷ್ಟವಾಗಿ ತಿಳಿಯಿತು. ಆ ಸೀಟು ಅವಳದು, ಅವಳನ್ನು ಬಿಟ್ಟು ಬರುವುದಿಲ್ಲ ಎನ್ನುತ್ತಿದ್ದ. ನಾನು ಅವಳನ್ನು ಕರೆಯಲಿಲ್ಲ. ಕರೆದರೂ ಅವಳನ್ನು ಎಲ್ಲಿ ಕೂಡಿಸಲಿ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಬೈದ ಬಾಯಿಂದ ಕರೆಯಲು ನಾಚಿಕೆ.

"ನೀವ ಹೋಗಿ ಬರ್ರಿ. ನನ್ನ ಕೈ ಅದಕ್ಕ ಆಗಿಬರಂಗಿಲ್ಲ" ಎಂದು ಚಿಗವ್ವ ಒಳಗೆ ಸರಿದಳು. ಕಾಕಾ ಬಡಿಯುವುದನ್ನು ನಿಲ್ಲಿಸಿ ಅಳತೊಡಗಿದ. ಇಂಜಿನ್ ಬಂದ್ ಮಾಡಿ ಅವನನ್ನು ಇಳಿಸಿದೆವು. ನಾಲ್ಕು ತಿಂಗಳಿಗೆ, ಶ್ರಾವಣದಲ್ಲಿ, ಅವನು ತೀರಿಕೊಂಡ.

ಮರುವರ್ಷ ಬೆಳಗಾವಿಯವರು ಯಾರೋ ಬಂದು ಗಾಡಿಯನ್ನು ಕೊಂಡು, ಲಾರಿಯ ಮೇಲೆ ಹೇರಿಕೊಂಡು ಹೋದರು. ಚಿಗವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಬಂದು ಕೂತಾಗ ಮೊರದಿಂದ ತಲೆ ಎತ್ತದೆ ಕೇಳಿದಳು.

"ಖರೇ ಹೇಳಪಾ. ಅವತ್ತ ನನ್ನ ಮಾರಿ ನೋಡಕೋತ ಬಾಗಲಾ ಬಡದ್ರಲ್ಲ, ಅವರಿಗೆ ನನ್ನ ಮ್ಯಾಲೆ ಅಷ್ಟು ಸಿಟ್ಟು ಇತ್ತೇನು?"

"ಸಿಟ್ಟು ಅಲ್ಲಬೇ. ನಿನ್ನ ಕರೀತಿದ್ದ. ನೀ ಇಲ್ಲದ ಹೋಗೂದು ಬ್ಯಾಡ ಅಂತಿದ್ದ."

"ನಿನಗ ಅವತ್ತ ತಿಳದಿತ್ತೇನು?"

"ತಿಳದಿತ್ತು" ಎಂದೆ.

ಅವಳ ಕೈ ಮೊರದಲ್ಲಿ ನಿಂತಿತು. ಮೊರ ಕೆಳಗಿಟ್ಟು ಹೇಳಿದಳು, "ನಾಕು ತಿಂಗಳ ಬಾಯಿಗೆ ಅಂಬಲಿ ಹಾಕಿದೆ. ಸಿಟ್ಟಿನಾಗ ಅದಾರ ಅಂತ ಒಂದ ದಿನಾನೂ ಅವರ ಮಾರಿ ನೋಡಲಿಲ್ಲ ನಾ."