ಕೌಂಟರಿನ ಕುರ್ಚಿ

ಬಿ.ಸಿ.ರೋಡಿನಲ್ಲಿ ಮೆಟ್ಟಿಲು ಹತ್ತಿ ಬರಬೇಕಾಗಿದ್ದ ನನ್ನ ಬುರ್ಖಾ ಹೊಲಿಯುವ ಅಂಗಡಿಗೆ ಬೆಳ್ತಂಗಡಿ, ಮೂಡುಬಿದಿರೆಯಿಂದಲೂ ಹೆಂಗಸರು ಬರುತ್ತಿದ್ದರು. ನನ್ನ ಹೊಲಿಗೆ ಅಂಥ ವಿಶೇಷದ್ದೇನಲ್ಲ. ಅಲ್ಲಿ ಗಂಡಸರಿಲ್ಲ ಎಂದೇ ಅವರು ಬರುತ್ತಿದ್ದದ್ದು. ಒಳಗೆ ಬಂದವರು ಬುರ್ಖಾ ತೆಗೆದಿಟ್ಟು, ಫ್ಯಾನಿನ ಕೆಳಗೆ ಕಾಲು ಚಾಚಿ, ಅತ್ತೆಯ ಸುದ್ದಿ ಮುಗಿಯುವವರೆಗೂ ಏಳುತ್ತಿರಲಿಲ್ಲ. ಏಳುವಾಗ ಮಗಳಿಗೂ ನಾದಿನಿಗೂ ಒಂದೊಂದು ಹೊಲಿಯಲು ಹೇಳಿ ಹೋಗುತ್ತಿದ್ದರು.

ಧೈರ್ಯ ನನಗೆ ಮೊದಲಿನಿಂದಲೂ ಸ್ವಲ್ಪ ಜಾಸ್ತಿಯೇ. ಗಂಡ ಗಲ್ಫಿನಲ್ಲಿದ್ದಾಗ ಒಬ್ಬಳೇ ಓಡಾಡಿ ಅಂಗಡಿ ಹಿಡಿದೆ. ಮಂಗಳೂರಿನ ಬಟ್ಟೆ ವ್ಯಾಪಾರಿ "ಮನೆಯಲ್ಲಿ ಗಂಡಸರು ಯಾರೂ ಇಲ್ವಾ?" ಎಂದು ಕೇಳಿದರೆ, "ನೀವು ಮೊದಲು ಬಟ್ಟೆ ತೋರಿಸಿ" ಎನ್ನುತ್ತಿದ್ದೆ. ಕಟ್ಟಡದ ಮಾಲಕನಿಗೂ ನನ್ನ ಬಾಯಿಯ ಹೆದರಿಕೆ ಇತ್ತು.

ಆಮೇಲೆ ಗಂಡನ ಕೆಲಸ ಹೋಯಿತು. ಊರಿಗೆ ಬಂದವರನ್ನು ಮಸೀದಿಯ ಹತ್ತಿರ ಸಿಕ್ಕಿದವರೆಲ್ಲ "ಇನ್ನು ಯಾವಾಗ ಹೋಗುವುದು?" ಎಂದು ಕೇಳತೊಡಗಿದಾಗ ಅವರು ಮನೆಯಿಂದ ಹೊರಗೆ ಕಾಲಿಡುವುದನ್ನೇ ಬಿಟ್ಟರು. "ಅಂಗಡಿಗಾದರೂ ಬನ್ನಿ" ಎಂದವಳು ನಾನೇ.

ಬಂದರು. ಕೌಂಟರಿನ ಕುರ್ಚಿಯಲ್ಲಿ ಕುಳಿತರು. ಬಗ್ಗಿದ್ದ ಬೆನ್ನು ನೆಟ್ಟಗಾಯಿತು. ಇಸ್ತ್ರಿ ಹಾಕಿದ ಶರ್ಟು, ಅತ್ತರು. ಹೆಂಗಸರು ಬಂದರೆ ಎದ್ದು ನಿಂತು, ಬಹಳ ಮರ್ಯಾದೆಯಿಂದ, "ಯಾವ ಮನೆಯವರು? ಯಜಮಾನರು ಎಲ್ಲಿ ಇರುವುದು?" ಎಂದು ವಿಚಾರಿಸುತ್ತಿದ್ದರು. ಬಂದವರು ಬುರ್ಖಾ ತೆಗೆಯುವುದಿರಲಿ, ಕುಳಿತುಕೊಳ್ಳುತ್ತಲೂ ಇರಲಿಲ್ಲ. "ಮತ್ತೆ ಬರ್ತೇವೆ" ಎಂದು ಇಳಿದು ಹೋದವರು ಮತ್ತೆ ಬರಲಿಲ್ಲ.

ಮೂಡುಬಿದಿರೆಯ ಹಳೆಯ ಗಿರಾಕಿಯೊಬ್ಬಳು ಮದುವೆ ಹಾಲ್‌ನಲ್ಲಿ ಸಿಕ್ಕಿದಳು. ಮೈಮೇಲೆ ಬೇರೆ ಯಾರದೋ ಹೊಲಿಗೆ. ನಾನು ಕೇಳುವ ಮೊದಲೇ ಕೈ ಹಿಡಿದುಕೊಂಡಳು. "ಅಕ್ಕ, ಬೇಜಾರು ಮಾಡಬೇಡಿ. ನಿಮ್ಮ ಯಜಮಾನರು ಒಳ್ಳೆಯವರೇ. ಆದ್ರೆ ಅವರು ಅಲ್ಲಿ ಕೂತಿರುವಾಗ ನಾವು ಅಳತೆ ಕೊಡುವುದು ಹೇಗೆ? ನೀವೇ ಅವರಿಗೆ ಒಂದು ಮಾತು ಹೇಳಿ."

ಹೇಳಿಯೇ ಬಿಡುವುದೆಂದು ಮರುದಿನ ಹೊರಟೆ. ಅವರು ನನಗಿಂತ ಮೊದಲೇ ಹೋಗಿ ಶಟರ್ ಎತ್ತಿ, ಆ ಕುರ್ಚಿಯನ್ನು ಒರೆಸುತ್ತಿದ್ದರು. "ಇವತ್ತು ಜನ ಬರಬಹುದು ನೋಡು" ಎಂದರು. ಊರಿಗೆಲ್ಲ ಜೋರು ಮಾಡುವ ನನ್ನ ಬಾಯಿ ಅಲ್ಲಿ ಕಟ್ಟಿಹೋಯಿತು. ಆ ಕುರ್ಚಿ ಬಿಟ್ಟರೆ ಅವರಿಗೆ ಕುಳಿತುಕೊಳ್ಳಲು ಊರಿನಲ್ಲಿ ಬೇರೆ ಜಾಗ ಇರಲಿಲ್ಲ. ಅಂಗಡಿ ಬಿಟ್ಟರೆ ನನಗೂ ಇರಲಿಲ್ಲ. ಅದನ್ನು ಯಾರ ಹತ್ತಿರ ಹೇಳುವುದು? ದಿನವಿಡೀ ಇಬ್ಬರೂ ಖಾಲಿ ಅಂಗಡಿಯಲ್ಲಿ ಮೆಟ್ಟಿಲ ಸದ್ದಿಗೆ ಕಿವಿಗೊಟ್ಟು ಕುಳಿತಿರುತ್ತಿದ್ದೆವು. ಕೊನೆಗೆ ಬೀಗ ಹಾಕಿ ಕೀಲಿಕೈಯನ್ನು ಮಾಲಕನಿಗೆ ಕೊಟ್ಟು ಬಂದೆ.

ಮೊನ್ನೆ ಬೆಳ್ತಂಗಡಿಯಿಂದ ಕಾಲೇಜು ಹುಡುಗಿಯೊಬ್ಬಳು ಮನೆ ಹುಡುಕಿಕೊಂಡು ಬಂದಳು. ವ್ಯಾಪಾರ ಮಾಡುವ ಮುಸ್ಲಿಂ ಹೆಂಗಸರ ಸ್ವಭಾವದ ಬಗ್ಗೆ ಅವಳು ಬರೆಯಬೇಕಂತೆ. ಗೆಲ್ಲುವವರಲ್ಲಿ ಏನಿರುತ್ತದೆ, ಸೋತವರಲ್ಲಿ ಏನಿರುವುದಿಲ್ಲ ಎಂದು ಕೇಳಿದಳು. ನಾನು ಚಹಾ ತರುವಷ್ಟರಲ್ಲಿ ಗಂಡ ಉತ್ತರ ಕೊಡುತ್ತಿದ್ದರು.

"ಹೊಲಿಗೆ ಒಳ್ಳೆಯದೇ ಇತ್ತು. ಆದ್ರೆ ಇವಳಿಗೆ ಧೈರ್ಯ ಸಾಲದು. ನಾನು ದಿನಾ ಹೋಗಿ ಜೊತೆಗೆ ಕೂತರೂ ಆಗಲಿಲ್ಲ."

ಹುಡುಗಿ ನನ್ನ ಮುಖ ನೋಡಿ, "ಹೌದಾ ಅಕ್ಕ?" ಎಂದಳು.

ಅವರೂ ನನ್ನನ್ನೇ ನೋಡುತ್ತಿದ್ದರು. ಚಹಾದ ಲೋಟ ಅವರ ಮುಂದಿಟ್ಟು, ಹೌದು ಎಂದೆ.