ಅಭಿನಂದನೆಯ ಸರದಿ

ಅವರು ನನಗೆ ಆ ಮಾತು ಹೇಳಿದರೋ ಇಲ್ಲವೋ, ಖಚಿತವಿಲ್ಲ. ನನ್ನ ನೆನಪಿನಲ್ಲಿ ಅವರು ನನ್ನ ಕೈ ಹಿಡಿದುಕೊಂಡು, ಮುಖದ ಮೇಲಿನ ನಗು ಕದಲದಂತೆ, “ನೀನಾದರೂ ಹೇಳಬೇಡ” ಎಂದರು. ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದ ನನ್ನ ಹೆಂಡತಿಯ ಪ್ರಕಾರ ಅವರು ಏನೂ ಹೇಳಲಿಲ್ಲ. ನಾನೇ ಎಲ್ಲರಂತೆ ಅಭಿನಂದನೆ ಹೇಳಿ, ಮುಂದೆ ಸರಿದು, ಕಾಫಿ ಹುಡುಕಿಕೊಂಡು ಹೋದೆನಂತೆ. ವಿಶ್ವವಿದ್ಯಾಲಯದಲ್ಲಿ ನಾನು ಪಾಠ ಮಾಡುವುದು ಸಮೀಕ್ಷೆಗಳ ಬಗ್ಗೆ. ಜನ ಆಣೆ ಮಾಡಿ ಹೇಳುವ ನೆನಪುಗಳಲ್ಲಿ ಎಷ್ಟೋ ಭಾಗ ಅವರು ಆಮೇಲೆ ತಮಗೆ ಬೇಕಾದಂತೆ ಕಟ್ಟಿಕೊಂಡದ್ದು ಎಂದು ವರ್ಷ ವರ್ಷವೂ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಆ ಲೆಕ್ಕದಲ್ಲಿ ಹೆಂಡತಿಯ ಮಾತನ್ನೇ ನಂಬಬೇಕು. ಆದರೂ ಆ ದನಿ ಕಿವಿಯಿಂದ ಹೋಗಿಲ್ಲ.

ಅವರು ನಮ್ಮ ಬಡಾವಣೆಯ ಪೊಲೀಸ್ ಅಧಿಕಾರಿಯಾಗಿದ್ದರು. ನಾವಿರುವುದು ರಾಟರ್‌ಡ್ಯಾಮ್‌ಗೆ ಮೆಟ್ರೊದಲ್ಲಿ ಹೋಗಿಬರುವಷ್ಟು ಹತ್ತಿರದ ಊರು. ನೆದರ್‌ಲ್ಯಾಂಡ್ಸ್‌ನಲ್ಲಿ ಒಂದೊಂದು ಬಡಾವಣೆಗೂ ಇಂಥ ಒಬ್ಬರಿರುತ್ತಾರೆ. ಕಸದ ಜಗಳ, ಶಾಲೆಗೆ ಚಕ್ಕರ್ ಹಾಕುವ ಹುಡುಗರು, ಒಂಟಿ ಮುದುಕಿಗೆ ಟೋಪಿ ಹಾಕಲು ಬಂದವರು, ಎಲ್ಲ ಮೊದಲು ಹೋಗುವುದು ಅವರ ಬಳಿಗೆ. ನಮ್ಮ ಅಧಿಕಾರಿ ಹಿಂದೆ ಡಚ್ಚರ ವಸಾಹತಾಗಿದ್ದ ಸುರಿನಾಮ್‌ನಿಂದ ಬಂದ ಕುಟುಂಬದವರು, ಐವತ್ತು ದಾಟಿದ ಕಪ್ಪು ಮಹಿಳೆ. ಎತ್ತರ ಕಡಿಮೆ, ದನಿ ದೊಡ್ಡದು. ನನ್ನ ಹೆಂಡತಿ ಅವರನ್ನು ಕನ್ನಡದಲ್ಲೇ ‘ಅಕ್ಕ’ ಎನ್ನುತ್ತಿದ್ದಳು. ಅರ್ಥ ಕೇಳಿ ತಿಳಿದುಕೊಂಡ ಮೇಲೆ ಅವರು ಬೇರೆ ಹೆಸರಿಗೆ ಓಗೊಡುವುದನ್ನೇ ಬಿಟ್ಟರು.

ಭಾನುವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು, ಸೂಪರ್‌ಮಾರ್ಕೆಟ್ಟಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಅವರು ಹೆಂಗಸರಿಗೆ ಸೈಕಲ್ ಕಲಿಸುತ್ತಿದ್ದರು. ದಿಕ್ಕಿಲ್ಲದೆ ಬಿದ್ದ ಸೈಕಲ್‌ಗಳನ್ನು ನಗರಸಭೆಯವರು ಒಂದು ಗೋದಾಮಿನಲ್ಲಿ ಪೇರಿಸಿಡುತ್ತಾರೆ. ಅಲ್ಲಿಂದ ಅಧಿಕಾರಿ ತಮ್ಮ ಜವಾಬ್ದಾರಿಯ ಮೇಲೆ ಕೆಲವನ್ನು ತರುತ್ತಿದ್ದರು. ಈ ದೇಶದಲ್ಲಿ ಸೈಕಲ್ ಬಾರದವರು ಅರ್ಧ ಕುಂಟರು. ಉಡುಪಿಯ ಕಡೆ ಸ್ಕೂಟರ್ ಓಡಿಸಿಕೊಂಡು ಬೆಳೆದ ನನ್ನ ಹೆಂಡತಿ ಇಲ್ಲಿ ಸೈಕಲ್ ಮುಂದೆ ನಿಂತು ಬೆವರಿದಳು.

“ಸ್ಕೂಟರ್ ಓಡಿಸಿದವಳಿಗೆ ಇದೆಂಥ ಭಯ?” ಎಂದು ಕೇಳಿದ್ದೆ.

“ಸ್ಕೂಟರಿಗೆ ಇಂಜಿನ್ ಉಂಟು ಮಾರಾಯ. ಇದಕ್ಕೆ ನಾನೇ ಇಂಜಿನ್.”

ಅಧಿಕಾರಿ ಭಾರದ ಬೂಟು ಹಾಕಿಕೊಂಡೇ ಸೀಟು ಹಿಡಿದು ಹಿಂದೆ ಓಡುತ್ತಿದ್ದರು. ನಾನು ಬದಿಯಲ್ಲಿ ನಿಂತಿದ್ದರೆ, “ಏನು ಪ್ರೊಫೆಸರ್, ಇವತ್ತೂ ವೀಕ್ಷಣೆಯೇನಾ? ಬಾ, ಒಂದು ಸೀಟು ಹಿಡಿ” ಎಂದು ಡಚ್ಚಿನಲ್ಲಿ ಕೂಗುವರು. ಒಂದೆರಡು ಸಲ ಹಿಡಿದೆ. ಆಗ ಒಂದು ವಿಷಯ ಗಮನಕ್ಕೆ ಬಂತು. ನಾನು ಸೀಟು ಹಿಡಿದ ಸೈಕಲ್ಲಿನವರು ಬಾಯಿ ಬಿಡುತ್ತಿರಲಿಲ್ಲ. ಅಧಿಕಾರಿ ಹಿಡಿದ ಸೈಕಲ್ಲಿನವರು ಮಾತಾಡುತ್ತಲೇ ಇರುತ್ತಿದ್ದರು. ಸೈಕಲ್ ಮೇಲೆ ಕೂತವಳು ರಸ್ತೆ ನೋಡಬೇಕು, ಹಿಂದಿರುವವರ ಮುಖ ನೋಡುವ ಹಾಗಿಲ್ಲ. ಮುಖ ನೋಡದೆ ಹೇಳುವುದು ಸುಲಭ. ಠಾಣೆಯ ಮೇಜಿನ ಎದುರು ಯಾವತ್ತೂ ಹೇಳಲಾರದ್ದನ್ನು ಆ ಪಾರ್ಕಿಂಗ್ ಜಾಗದ ನಾಲ್ಕು ಸುತ್ತಿನಲ್ಲಿ ಎಷ್ಟೋ ಹೆಂಗಸರು ಹೇಳಿದ್ದಾರೆ. ಅದು ಅಧಿಕಾರಿಯ ಕೆಲಸದ ಪದ್ಧತಿ ಎಂದು ಅವರ ಬಾಯಿಂದಲೇ ಆಮೇಲೆ ಕೇಳಿದೆ.

ಆ ವಸಂತದಲ್ಲಿ ಕಪ್ಪು ಪೊಲೀಸರ ಸಂಘದ ಅಧ್ಯಕ್ಷರು ಫೋಟೊ ತೆಗೆಯಲು ಬಂದರು. ನಿವೃತ್ತ ಅಧಿಕಾರಿ, ಚಿನ್ನದ ಬಣ್ಣದ ಕನ್ನಡಕ, ಎಲ್ಲದಕ್ಕೂ ನಗುವ ಮನುಷ್ಯ. ಸಂಘಗಳ ವಿಷಯದಲ್ಲಿ ನನಗೆ ಮೊದಲಿನಿಂದಲೂ ಅನುಮಾನ. ಪೊಲೀಸರಲ್ಲೂ ಕಪ್ಪು ಜನರಿಗೆ ಬೇರೆ ಸಂಘ ಏಕೆ ಎಂದು ಕೇಳಿಯೇಬಿಟ್ಟೆ.

“ನಿಮ್ಮವರು ಇಲ್ಲಿ ಸಂಘ ಕಟ್ಟಿಕೊಂಡಿಲ್ವಾ?” ಎಂದರು ಅವರು.

“ಕಟ್ಟಿಕೊಂಡಿದ್ದೇವೆ. ಹಬ್ಬ ಮಾಡುತ್ತೇವೆ, ಊಟ ಮಾಡುತ್ತೇವೆ.”

“ನಾವೂ ಅಷ್ಟೇ ಕಣಯ್ಯ, ಊಟಾನೇ ಮುಖ್ಯ. ವ್ಯತ್ಯಾಸ ಒಂದೇ. ನಾನು ಸಮವಸ್ತ್ರ ಕಳಚಿಟ್ಟು ಒಳ್ಳೆ ಕಾರಲ್ಲಿ ಹೊರಟರೆ, ನನ್ನ ಕೈಯಲ್ಲಿ ಕೆಲಸ ಕಲಿತ ಹುಡುಗನೇ ನಿಲ್ಲಿಸಿ ಕಾರು ಯಾರದು ಅಂತ ಕೇಳ್ತಾನೆ. ಆಮೇಲೆ ಊಟ ಸೇರಬೇಕಾದ್ರೆ ಜೊತೆಗೆ ಯಾರಾದ್ರೂ ಬೇಕಲ್ಲ.”

ಸಂಘದವರು ಮಹಿಳಾ ಸಿಬ್ಬಂದಿಯನ್ನು, ಅವರ ಸಮಾಜ ಸೇವೆಯನ್ನು ಸನ್ಮಾನಿಸುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಸನ್ಮಾನಕ್ಕೆ ಆರಿಸಿದ ಮೂವರಲ್ಲಿ ನಮ್ಮ ಅಧಿಕಾರಿಯೂ ಒಬ್ಬರು. ಅವರಿಗೆ ಅದು ಬೇಡವಾಗಿತ್ತು. ಇಲಾಖೆಯಲ್ಲಿ ವರ್ಗಾವಣೆಯ ಗಾಳಿಮಾತು ಹಬ್ಬಿದ ಸಮಯ ಅದು.

“ನನ್ನನ್ನು ಹೊಗಳಬೇಡಿ. ಹೊಗಳಿದವರನ್ನು ಇವರು ಮೇಲಿನ ಮಹಡಿಗೆ ಹತ್ತಿಸ್ತಾರೆ. ಅಲ್ಲಿ ಕಿಟಕಿ ತೆರೆಯೋದಿಲ್ಲ.”

ಅಧ್ಯಕ್ಷರ ಎಣಿಕೆ ಬೇರೆ. “ಅದಕ್ಕೇ ಅಲ್ವೇನಮ್ಮ, ಇಲಾಖೆಯ ದೊಡ್ಡ ಸಾಹೇಬರ ಕೈಯಿಂದಲೇ ಹೂವು ಕೊಡಿಸೋದು! ಇಡೀ ಬಡಾವಣೆ ಎದುರು, ಈ ಜಾಗದಲ್ಲಿ ನಿನ್ನ ಕೆಲಸ ಅಂಥದ್ದು ಇಂಥದ್ದು ಅಂತ ಅವರೇ ಹೇಳಿದ ಮೇಲೆ, ಇಲ್ಲಿಂದ ಎತ್ತೋಕೆ ಅವರಿಗೆ ಬಾಯಿ ಬರುತ್ತಾ?”

ನಲವತ್ತು ವರ್ಷ ಇಲಾಖೆಯಲ್ಲಿದ್ದೂ ಮೇಲಿನವರ ಗಮನಕ್ಕೇ ಬಾರದೆ ಉಳಿದವರು ಹಾಕಿದ ಲೆಕ್ಕ ಅದು. ಗಮನಕ್ಕೆ ಬಂದರೆ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂದು ಅವರು ನಂಬಿದ್ದರು.

ಅಧ್ಯಕ್ಷರು ಹೋದ ಮೇಲೆ ಅಧಿಕಾರಿ ನನ್ನ ಹೆಂಡತಿಯ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತು ಬೂಟಿನ ಲೇಸು ಬಿಗಿದುಕೊಳ್ಳುತ್ತಾ ಹೇಳಿದರು: “ನನಗೆ ಹೂವು ಬೇಡ. ಇನ್ನೊಂದು ವರ್ಷ ಇಲ್ಲೇ ಬಿಟ್ಟರೆ ಸಾಕು. ಒಬ್ಬರು ನನಗೆ ಅರ್ಧ ಹೇಳಿದ್ದಾರೆ. ಇನ್ನರ್ಧ ಕೇಳದೆ ನಾನು ಏನೂ ಮಾಡೋಕಾಗಲ್ಲ. ಅವಸರ ಮಾಡಿದರೆ ಆ ಬಾಯಿ ಮುಚ್ಚಿಹೋಗುತ್ತೆ.”

ಯಾರೆಂದು ಅವರು ಹೇಳಲಿಲ್ಲ. ಹೆಂಡತಿಗೆ ಗೊತ್ತಾಯಿತು. ಕಲಿಯಲು ಬರುತ್ತಿದ್ದವರಲ್ಲಿ ಇನ್ನೊಬ್ಬಳು ಕನ್ನಡದವಳಿದ್ದಳು, ನಮ್ಮ ಹಿಂದಿನ ಬೀದಿಯವಳು. ಗಂಡ ದಿನವೂ ರೈಲು ಹಿಡಿದು ಆಮ್ಸ್ಟರ್‌ಡ್ಯಾಮ್‌ನ ಜೈಡಾಸ್ ಎಂಬ ಕಚೇರಿಗಳ ಬಡಾವಣೆಯ ಒಂದು ಬ್ಯಾಂಕಿಗೆ ಹೋಗುತ್ತಿದ್ದ. ಹಬ್ಬದ ಊಟಗಳಲ್ಲಿ ಎಲ್ಲರಿಗೂ ಮೊದಲು ಬಡಿಸುವ, ಚೆನ್ನಾಗಿ ಹಾಡುವ ಮನುಷ್ಯ. ಅವಳು ಒಬ್ಬಳೇ ಎಲ್ಲಿಗೂ ಹೋಗಿದ್ದನ್ನು ನಾವು ನೋಡಿರಲಿಲ್ಲ. ಭಾನುವಾರವೂ ಅವನೇ ತಂದು ಬಿಟ್ಟು, ಕಾರಿನಲ್ಲಿ ಕೂತು, ಕರೆದುಕೊಂಡು ಹೋಗುತ್ತಿದ್ದ. ನಮ್ಮ ಜೊತೆ ಅವಳು ಕನ್ನಡದಲ್ಲಿ ಅಡುಗೆಯ ಮಾತು ಮಾತ್ರ ಆಡುತ್ತಿದ್ದಳು. ಅಧಿಕಾರಿಯ ಜೊತೆ ಸೈಕಲ್ ಮೇಲಿಂದ, ಮುರುಕು ಇಂಗ್ಲಿಷಿನಲ್ಲಿ, ಏನೋ ಹೇಳುತ್ತಿದ್ದಳು.

“ನಿನಗೆ ಯಾಕೆ ಹೇಳಲಿಲ್ಲ ಅವಳು?” ಎಂದು ಕೇಳಿದೆ.

“ನಮಗೆ ಹೇಳಿದ್ರೆ ಮುಂದಿನ ಹಬ್ಬದೊಳಗೆ ಊರಿಗೆಲ್ಲ ಗೊತ್ತಾಗ್ತದೆ. ಅಕ್ಕನಿಗೆ ಹೇಳಿದ್ರೆ ಅಕ್ಕನಿಗೆ ಮಾತ್ರ ಗೊತ್ತಾಗ್ತದೆ.”

“ಅವಳೇ ಅಂತ ನಿನಗೆ ಹೇಗೆ ಗೊತ್ತು? ಬರೀ ಊಹೆ.”

“ನಿನಗೆ ಎಲ್ಲದಕ್ಕೂ ಪ್ರೂಫ್ ಬೇಕು. ಎಂತ ಮನುಷ್ಯನಾ ನೀನು!”

ಕಾರ್ಯಕ್ರಮ ನಡೆದದ್ದು ಬಡಾವಣೆಯ ಸಮುದಾಯ ಭವನದಲ್ಲಿ, ಒಂದು ಮಧ್ಯಾಹ್ನ. ಮಳೆ ಇತ್ತೇ? ನನಗೆ ಒದ್ದೆ ಕೊಡೆಗಳು ನೆನಪಾಗುತ್ತವೆ, ಹೆಂಡತಿಗೆ ಬಿಸಿಲು. ಊಟದ ಬಗ್ಗೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿಲ್ಲ. ಸುರಿನಾಮ್‌ನವರ ಬಾರಾ, ಅಂದರೆ ನಡುವೆ ತೂತಿನ ಉದ್ದಿನ ವಡೆ, ಬೆಟ್ಟದಂತೆ ಪೇರಿಸಿತ್ತು. “ನಮ್ಮದೇ ವಡೆ, ಸೊಪ್ಪು ಹಾಕಿದ್ದಾರೆ ಅಷ್ಟೆ” ಎಂದು ಹೆಂಡತಿ ಮೂರು ತಿಂದಳು. ಹಿರಿಯ ಹೆಂಗಸರು ಗಂಜಿ ಹಾಕಿ ಮಡಿಸಿದ ಬಣ್ಣದ ತಲೆವಸ್ತ್ರ ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ರಾಣಿಯರಂತೆ ಕೂತಿದ್ದರು. ಮೊದಲು ಜೈಲಿನಲ್ಲಿ ಕೆಲಸ ಮಾಡುವ ಒಬ್ಬರು, ಆಮೇಲೆ ಕುದುರೆ ಪಡೆಯ ಒಬ್ಬರು ಹೂವು ಪಡೆದರು. ನಮ್ಮ ಕನ್ನಡದವಳು ಗಂಡನ ಪಕ್ಕದಲ್ಲಿ ಕೊನೆಯ ಸಾಲಿನಲ್ಲಿದ್ದಳು. ಅವನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ.

ದೊಡ್ಡ ಸಾಹೇಬರು ಒಳ್ಳೆಯವರೇ. ಅದನ್ನು ಹೇಳಬೇಕು. ಅವರು ಸೈಕಲ್ ಪಾಠದ ಬಗ್ಗೆ ತಿಳಿದುಕೊಂಡು ಬಂದಿದ್ದರು, ಮನಸ್ಸಿಟ್ಟು ಮಾತಾಡಿದರು, ಬೂಟು ಹಾಕಿಕೊಂಡು ಓಡುವುದನ್ನು ಅಭಿನಯಿಸಿ ನಗಿಸಿದರು. ಅಧ್ಯಕ್ಷರು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಆಮೇಲೆ ಸಾಹೇಬರು ಹೇಳಿದ್ದು ಇಷ್ಟು: ಇಂಥವರನ್ನು ಒಂದೇ ಬಡಾವಣೆಯಲ್ಲಿ ಇಟ್ಟುಕೊಳ್ಳುವುದು ಸ್ವಾರ್ಥವಾಗುತ್ತದೆ. ಮುಂದಿನ ತಿಂಗಳಿನಿಂದ ಇವರು ಕೇಂದ್ರ ಕಚೇರಿಯಲ್ಲಿ, ಹೊಸ ತಲೆಮಾರನ್ನು ಪೊಲೀಸ್ ಕೆಲಸಕ್ಕೆ ಸೆಳೆಯುವ ತಂಡದ ಮುಖವಾಗಿರುತ್ತಾರೆ.

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಧ್ಯಕ್ಷರೂ ತಟ್ಟಿದರು. ನಿಲ್ಲಿಸುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ ಅನ್ನಿಸುತ್ತದೆ.

ಈ ದೇಶದಲ್ಲಿ ಅಭಿನಂದನೆ ಒಂದು ವಿಧಿ. ಹುಟ್ಟುಹಬ್ಬವಾದರೆ ಹುಟ್ಟಿದವರಿಗೆ ಮಾತ್ರವಲ್ಲ, ಅವರ ಅಮ್ಮನಿಗೆ, ಗಂಡನಿಗೆ, ಪಕ್ಕದ ಮನೆಯವರಿಗೂ ಕೈ ಕುಲುಕಿ ಅಭಿನಂದನೆ ಹೇಳಬೇಕು. ಹೇಳದಿದ್ದರೆ ಸಾವಿನ ಮನೆಗೆ ಬಂದು ಮಾತಾಡಿಸದೆ ಹೋದಷ್ಟು ತಪ್ಪು. ಸಾಲು ತಾನಾಗಿ ಕಟ್ಟಿತು. ಅಧಿಕಾರಿ ವೇದಿಕೆಯ ಕೆಳಗೆ ಹೂಗುಚ್ಛ ಅಪ್ಪಿಕೊಂಡು ನಿಂತರು. ಒಬ್ಬೊಬ್ಬರಾಗಿ ಬಂದು ಕೆನ್ನೆಗೆ ಮೂರು ಸಲ ಕೆನ್ನೆ ತಾಗಿಸಿ ಅಭಿನಂದನೆ ಎಂದರು. ಆಗಬಾರದು ಎಂದು ಅವರು ಬೇಡಿಕೊಂಡದ್ದಕ್ಕೇ ಅಭಿನಂದನೆ. ಅವರು ಪ್ರತಿಯೊಬ್ಬರಿಗೂ ಥ್ಯಾಂಕ್ಸ್ ಹೇಳಬೇಕಾಯಿತು. ಜನ ಅಧಿಕಾರಿಯ ಅಣ್ಣನಿಗೂ ಅಭಿನಂದನೆ ಹೇಳಿದರು, ಅಧ್ಯಕ್ಷರಿಗೂ ಹೇಳಿದರು, ಶಿಷ್ಯೆಯೆಂದು ನನ್ನ ಹೆಂಡತಿಗೂ, ಶಿಷ್ಯೆಯ ಗಂಡನೆಂದು ನನಗೂ ಹೇಳಿದರು. ಕನ್ನಡದವಳ ಗಂಡ ಹೆಂಡತಿಯ ಭುಜದ ಮೇಲೆ ಕೈಯಿಟ್ಟು ಸಾಲಿನಲ್ಲಿ ಕರೆತಂದ. “ಕಂಗ್ರಾಚುಲೇಷನ್ಸ್ ಮ್ಯಾಡಮ್, ವೆಲ್ ಡಿಸರ್ವ್ಡ್” ಎಂದ. ಅವಳು ಕೈ ಮಾತ್ರ ಚಾಚಿದಳು. ಅಧಿಕಾರಿ ಹೂಗುಚ್ಛವನ್ನು ಎಡಗೈಗೆ ಬದಲಿಸಿ, ಅವಳ ಕೈಯನ್ನು ಬೇರೆಯವರ ಕೈಗಿಂತ ಹೆಚ್ಚು ಹೊತ್ತು ಹಿಡಿದಿದ್ದರು. ಇದನ್ನು ನನ್ನ ಹೆಂಡತಿಯೂ ಒಪ್ಪುತ್ತಾಳೆ. ನನ್ನ ಸರದಿ ಅದಾದ ಮೇಲೆ ಬಂತು.

ಸೈಕಲ್‌ಗಳು ಗೋದಾಮಿಗೆ ಹಿಂತಿರುಗಿದವು. ಹೆಂಡತಿ ಎರಡು ಭಾನುವಾರ ತನ್ನದೊಂದೇ ಸೈಕಲ್ ಇಟ್ಟುಕೊಂಡು ಪಾಠ ನಡೆಸಲು ನೋಡಿದಳು. ಬಂದದ್ದು ಇಬ್ಬರು, ಮುಂದಿನ ಸಲ ಒಬ್ಬರೂ ಇಲ್ಲ. ಬೇಸಿಗೆಯ ಹೊತ್ತಿಗೆ ನಮ್ಮ ಮೆಟ್ರೊ ನಿಲ್ದಾಣದಲ್ಲಿ ಆಳೆತ್ತರದ ಪೋಸ್ಟರ್ ಬಂತು. ಅದರಲ್ಲಿ ಸಮವಸ್ತ್ರ ಧರಿಸಿ, ಸೈಕಲ್ ಹಿಡಿದು, ಅಧಿಕಾರಿ ನಗುತ್ತಿದ್ದರು. ದಿನವೂ ಅವರ ಮುಂದೆ ನಿಂತು ರೈಲಿಗೆ ಕಾಯುತ್ತಿದ್ದೆ. ಒಮ್ಮೆ ಫೋನ್ ಮಾಡಿದಾಗ ಅವರು ಹೆಂಡತಿಗೆ ಹೇಳಿದರಂತೆ: “ನನ್ನ ಕೇಸುಗಳನ್ನೆಲ್ಲ ಹಿಂದಿನ ಠಾಣೆಗೆ ಬಿಟ್ಟುಕೊಟ್ಟಿದ್ದೀನಿ. ಅರ್ಧ ಮಾತನ್ನು ಹೇಗೆ ಬಿಟ್ಟುಕೊಡೋದು, ಹೇಳು?”

ಶರತ್ಕಾಲದಲ್ಲಿ ತುರ್ಕಿಯವರ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದಾಗ ಆ ಕನ್ನಡದವಳು ಸಿಕ್ಕಳು. ಗಂಡ ಬಿಲ್ಲಿನ ಸಾಲಿನಲ್ಲಿದ್ದ. ಅವಳು ಸೊಪ್ಪಿನ ಮೇಲಿಂದ ಕಣ್ಣೆತ್ತದೆ ಹೆಂಡತಿಗೆ ಕೇಳಿದಳು.

“ಅಕ್ಕಾ, ಆ ಪೊಲೀಸ್ ಮೇಡಂ ಜಾಗಕ್ಕೆ ಯಾರ್ ಬಂದ್ರು?”

“ಯಾರೋ ಬಂದಿರ್ತಾರೆ. ಯಾಕೆ, ಎಂತಾದ್ರೂ...”

“ಏನಿಲ್ಲ, ಸುಮ್ನೆ ಕೇಳ್ದೆ. ಲೇಡೀಸೇನಾ?”

“ನಾನು ವಿಚಾರಿಸಿ ಹೇಳ್ತೇನೆ.”

ಅಷ್ಟರಲ್ಲಿ ಅವನು ಕರೆದ, ಅವಳು ಹೋದಳು. ಆ ಮಾತಿನಲ್ಲೂ ಏನಿತ್ತು, ನಾವೆಷ್ಟು ಸೇರಿಸಿಕೊಂಡೆವು, ಗೊತ್ತಿಲ್ಲ. ಮಾರನೆಯ ದಿನ ನಾನು ಪೊಲೀಸರ ಸಾಮಾನ್ಯ ದೂರವಾಣಿಗೆ ಕರೆ ಮಾಡಿ ವಿಚಾರಿಸಿದೆ. ನಂಬದೆ, ವಾರದ ನಂತರ ಬೇರೆಯವರು ಎತ್ತಿಕೊಳ್ಳಲಿ ಎಂದು ಇನ್ನೊಮ್ಮೆ ಮಾಡಿದೆ. ಎರಡು ಸಲವೂ ಒಂದೇ ಉತ್ತರ ಬಂತು: ನಮ್ಮ ಬಡಾವಣೆಗೆ ಈಗ ಅಧಿಕಾರಿ ಇಲ್ಲ, ಆ ಜಾಗ ಖಾಲಿ ಇದೆ.