‘ನಂಗೆ ಬರಲ್ಲ’ ಕಲಿಸುವ ದೊಡ್ಡಮ್ಮ

ನಾನು ಹುಟ್ಟಿದ ದಿನವೇ ಶೂ ಹಾಕಿಕೊಂಡು, ಎರಡೂ ಕಾಲಿನ ಲೇಸನ್ನು ನಾನೇ ಕಟ್ಟಿಕೊಂಡು, ಆಸ್ಪತ್ರೆಯಿಂದ ಮನೆಗೆ ನಡೆದು ಬಂದವನು. ದಾರಿಯಲ್ಲಿ ಅಮ್ಮನಿಗೆ ಸುಸ್ತಾಯಿತೆಂದು ಅವಳ ಕೈಚೀಲವನ್ನೂ ನಾನೇ ಹಿಡಿದುಕೊಂಡೆ. ಇಂಥವನಿಗೆ, ಮಗುವನ್ನು ಶಾಲೆಗೆ ಸಜ್ಜು ಮಾಡಲು ಬೇರೊಬ್ಬರು ಬೇಕು ಎಂಬ ಮಾತೇ ವಿಚಿತ್ರ. ಆದರೆ ಎಲ್ಲರೂ ನನ್ನ ಹಾಗೆ ಹುಟ್ಟುವುದಿಲ್ಲವಲ್ಲ, ಏನು ಮಾಡುವುದು. ಉಳಿದವರಿಗಾಗಿ ದೊಡ್ಡಮ್ಮ ಇದ್ದಾರೆ.

ಬೀದಿದೀಪ ಇನ್ನೂ ಆರಿಲ್ಲ. ಟೈಲರ್ ಅಂಗಡಿಯ ಹಿಂದಿನ ಎರಡು ಕೋಣೆಗಳ ಬಾಗಿಲು ಕಿರ್ರೆಂದು ತೆರೆಯುತ್ತದೆ. ಆ ಸದ್ದಿಗೆ ಸುತ್ತಲಿನ ಕೋಳಿಗಳೆಲ್ಲ ನಾಚಿಕೊಂಡು ಕೂಗುವುದನ್ನೇ ಬಿಟ್ಟಿವೆ. ದೊಡ್ಡಮ್ಮ ತೋಳು ಮಡಚಿ ನೆಲ ಒರೆಸುತ್ತಾರೆ, ಮೊಣಕಾಲೆತ್ತರದ ಕುರ್ಚಿಗಳನ್ನು ಸುತ್ತಲೂ ಜೋಡಿಸುತ್ತಾರೆ. ಗೋಡೆಯ ಪಕ್ಕದ ಬುಟ್ಟಿಯಲ್ಲಿ ಜೋಡಿ ಕಳೆದುಕೊಂಡ ಶೂಗಳಿವೆ: ಲೇಸಿನವು, ಬಕಲ್ಲಿನವು, ಚರ್ರೆಂದು ಅಂಟುವ ಪಟ್ಟಿಯವು. ಇನ್ನೊಂದು ಬುಟ್ಟಿಯಲ್ಲಿ ಹಳೆಯ ಊಟದ ಡಬ್ಬಿಗಳು, ನೀರಿನ ಬಾಟಲಿಗಳು. ಗೂಟಗಳಿಗೆ ಒಂದೇ ಬಣ್ಣದ ಚೀಲಗಳನ್ನು ತೂಗುಹಾಕಿದ್ದಾರೆ. ಅವುಗಳಲ್ಲಿ ತನ್ನದು ಯಾವುದೆಂದು ಹುಡುಕುವುದೇ ಮಕ್ಕಳಿಗೆ ಬೆಳಗಿನ ಮೊದಲ ಪಾಠ. ದೊಡ್ಡಮ್ಮ ಒಂದೊಂದೇ ಡಬ್ಬಿ ಎತ್ತಿ ಮುಚ್ಚಳ ತಿರುಗಿಸಿ ನೋಡುತ್ತಾರೆ. ಸುಲಭವಾಗಿ ಬಿಟ್ಟುಕೊಂಡರೆ ಮುಖ ಸಿಂಡರಿಸುತ್ತಾರೆ.

“ಇದು ಯಾತಕ್ಕೂ ಬರಲ್ಲ. ಜೋರಾಗಿ ಸೀನಿದ್ರೆ ತೆರ್ಕೊಳ್ಳುತ್ತೆ.”

ಬೀದಿಯವರೆಲ್ಲ ಕರೆಯುವುದು ದೊಡ್ಡಮ್ಮ ಎಂದು. ನೋಡಲು ಚಿಕ್ಕವರು, ನನ್ನ ಹೆಗಲಿಗೂ ಬರುವುದಿಲ್ಲ. ನಾನು ಹೆಚ್ಚುಕಡಿಮೆ ತೆಂಗಿನಮರದಷ್ಟು ಎತ್ತರ ಎಂಬುದನ್ನು ಇಲ್ಲಿ ನೆನಪಿಡಬೇಕು. ಆದರೆ ಆ ದನಿ! ಅವರೊಮ್ಮೆ “ಸಾಲು!” ಎಂದರೆ ಓಣಿಯಲ್ಲಿ ಹೋಗುವ ಸೈಕಲ್ಲುಗಳೂ ಒಂದರ ಹಿಂದೊಂದು ನಿಲ್ಲುತ್ತವೆ.

ಒಂದನೇ ತರಗತಿಗೆ ಹೋಗಬೇಕಾದ ಮಕ್ಕಳು ಅದರ ಹಿಂದಿನ ಕೆಲವು ತಿಂಗಳು ಇಲ್ಲಿಗೆ ಬರುತ್ತಾರೆ. ಅಕ್ಷರ ಕಲಿಸುವುದಿಲ್ಲವೇ ಎಂದು ಕೇಳಿದರೆ ದೊಡ್ಡಮ್ಮ ಕೈ ಝಾಡಿಸುತ್ತಾರೆ. “ಅಕ್ಷರ ಅಲ್ಲಿ ಹೇಳ್ಕೊಡ್ತಾರೆ. ಎಲ್ಲಾ ನಾವೇ ಹೇಳ್ಕೊಟ್ಬಿಟ್ರೆ ಪಾಪ ಟೀಚರ್ ಏನ್ ಮಾಡ್ಬೇಕು, ಕೂತ್ಕೊಂಡು ಸ್ವೆಟರ್ ಹೆಣೀಬೇಕಾ?” ಇಲ್ಲಿನ ಪಾಠಗಳೇ ಬೇರೆ. ಗುಂಡಿ ಹಾಕಿಕೊಳ್ಳುವುದು, ಮೂಗು ಒರೆಸಿಕೊಳ್ಳುವುದು (ಪಕ್ಕದವರ ಅಂಗಿಗಲ್ಲ), ನಲ್ಲಿಯ ಮುಂದೆ ಸರದಿ ಕಾಯುವುದು, ಬಚ್ಚಲಿಗೆ ಹೋಗಬೇಕೆಂದು ಸಮಯಕ್ಕೆ ಸರಿಯಾಗಿ ಹೇಳುವುದು.

ಹೇಳುವುದು ಎಂದರೆ ಯಾರಿಗೆ? ಅದಕ್ಕೂ ಏರ್ಪಾಡಿದೆ. ದೊಡ್ಡಮ್ಮ ಒಳಕೋಣೆಗೆ ಹೋಗಿ, ಗಾಜಿಲ್ಲದ ಕನ್ನಡಕ ಏರಿಸಿ, ಟೈಲರ್ ಅಂಗಡಿಯಲ್ಲಿ ಯಾರೋ ಹೊಲಿಸಿ ಮರೆತುಹೋದ ಕೋಟು ತೊಟ್ಟು ಹೊರಬರುತ್ತಾರೆ. ಈಗ ಅವರು ‘ಹೊಸ ಟೀಚರ್’. ಯಾರ ಗುರುತೂ ಇಲ್ಲ. “ಯಾರಮ್ಮಾ ನೀನು? ಯಾಕಿಲ್ಲಿ ನಿಂತಿದೀಯ?” ಎಂದು ಮೂಗಿನ ತುದಿಯಿಂದ ಕೇಳುತ್ತಾರೆ. ನಿನ್ನೆ ಇವರ ತೊಡೆಯ ಮೇಲೆ ನಿದ್ದೆ ಹೊಡೆದ ಮಗು ಇವತ್ತು ಇವರೆದುರು ಗಂಟಲು ಸರಿಮಾಡಿಕೊಂಡು “ಟೀಚರ್, ನಂಗೆ ಒಂದಕ್ಕೆ ಹೋಗ್ಬೇಕು” ಎನ್ನಬೇಕು. ಕೋಟಿನ ಕೆಳಗೆ ದೊಡ್ಡಮ್ಮನ ಹರಿದ ಚಪ್ಪಲಿ ಕಾಣುತ್ತಲೇ ಇರುತ್ತದೆ. ಆದರೂ ಒಂದಿಬ್ಬರು ಮಕ್ಕಳು ನಿಜಕ್ಕೂ ನಡುಗುತ್ತಾರೆ. ಒಮ್ಮೆ ನಾನೂ ಎದ್ದು ನಿಂತುಬಿಟ್ಟಿದ್ದೆ, ಗೌರವಕ್ಕೆ.

ದೊಡ್ಡಮ್ಮ ಮೊದಲು ಶಾಲೆಯೊಂದರಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದರು. ಪ್ರತಿವರ್ಷ ಮೊದಲ ವಾರ ನೆಲ ಒರೆಸಿ ಒರೆಸಿ ಸೊಂಟ ಬಿದ್ದುಹೋಗುತ್ತಿತ್ತು. “ಕಣ್ಣೀರೊಂದೇ ಅಲ್ಲ ಸಾರ್, ಬಿಡಿ, ನೀವು ಪೇಪರ್‌ನಲ್ಲಿ ಬರೆಯೋ ಅಂಥದ್ದಲ್ಲ.” ಒಂದು ಸಂಜೆ ಬೆಂಚಿನ ಕೆಳಗೆ ಊಟದ ಡಬ್ಬಿಯೊಂದು ಸಿಕ್ಕಿತು. ಎತ್ತಿದರೆ ಭಾರ, ಒಳಗೆ ಅನ್ನ ಇಟ್ಟ ಹಾಗೇ ಇದೆ. ಮಾರನೆಯ ಸಂಜೆಯೂ ಹಾಗೇ. ಮೂರನೆಯ ದಿನ ಮಧ್ಯಾಹ್ನ ಕಿಟಕಿಯಲ್ಲಿ ಇಣುಕಿ ನೋಡಿದರು. ಹುಡುಗಿಯೊಬ್ಬಳು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಸುತ್ತಲಿನವರು ಉಣ್ಣುವುದನ್ನು ನೋಡುತ್ತ ಕೂತಿದ್ದಳು. ಮುಚ್ಚಳ ತೆಗೆಯಲು ಬರುತ್ತಿರಲಿಲ್ಲ. ಅವಳು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

“ತೆಗೆಯೋಕೆ ಎಷ್ಟೊತ್ತು ಬೇಕು? ಒಂದ್ ತಿರುವು. ಅಷ್ಟಕ್ಕೆ ಮಗು ಉಪವಾಸ,” ಎನ್ನುವಾಗ ದೊಡ್ಡಮ್ಮನಿಗೆ ಇವತ್ತಿಗೂ ಸಿಟ್ಟು ಬರುತ್ತದೆ. ಮಂಡಿ ಕೈಕೊಟ್ಟು ಶಾಲೆಯ ಕೆಲಸ ಬಿಟ್ಟಾಗ ಈ ಕೋಣೆಗಳನ್ನು ಹಿಡಿದರು. ಟೈಲರ್‌ಗೆ ಮೊದಮೊದಲು ಗದ್ದಲ ಸಹಿಸಲಾಗುತ್ತಿರಲಿಲ್ಲ. ಈಗ ಮಕ್ಕಳಿಲ್ಲದ ದಿನ ಹೊಲಿಗೆ ಸೊಟ್ಟಗೆ ಹೋಗುತ್ತದಂತೆ. ಅಕ್ಷರ ಕಲಿಸುವುದಿಲ್ಲವೆಂದು ಗೊತ್ತಾಗುತ್ತಲೇ ಮಗುವನ್ನು ಎತ್ತಿಕೊಂಡು ಹೋಗುವ ತಂದೆತಾಯಿ ಈಗಲೂ ಇದ್ದಾರೆ. “ಹೋಗ್ಲಿ ಬಿಡಿ, ಇರೋರಿಗೇ ಕುರ್ಚಿ ಸಾಲಲ್ಲ,” ಎಂದು ದೊಡ್ಡಮ್ಮ ಟೀ ಹೀರುತ್ತಾರೆ.

ಆ ಹುಡುಗಿಯ ಡಬ್ಬಿಯಿಂದಲೇ ಇಲ್ಲಿನ ಬೆಳಗಿನ ಪದ್ಧತಿ ಹುಟ್ಟಿದ್ದು. ಎಲ್ಲರೂ ಸುತ್ತ ಕೂತು, ಒಬ್ಬೊಬ್ಬರಾಗಿ ತಮಗೆ ಬಾರದ್ದೊಂದನ್ನು ಗಟ್ಟಿಯಾಗಿ ಹೇಳಬೇಕು. ಶುರು ಮಾಡುವುದು ದೊಡ್ಡಮ್ಮನೇ.

“ನಂಗೆ ಸೈಕಲ್ ಬರಲ್ಲ.”

“ನಂಗೆ ಜಿಪ್ ಹಾಕೋಕೆ ಬರಲ್ಲ.”

“ನಂಗೆ ಸುಮ್ನೆ ಕೂರೋಕೆ ಬರಲ್ಲ,” ಎಂದವನು ಆಗಲೇ ಬಾಗಿಲ ಹತ್ತಿರ ಓಡಿದ್ದಾನೆ.

“ನಮ್ಮಪ್ಪಂಗೆ ಗೊರಕೆ ಹೊಡೀದೆ ಮಲಗೋಕೆ ಬರಲ್ಲ.”

“ಅಪ್ಪಂದು ಬೇಡ್ವೋ, ನಿಂದು ಹೇಳೋ.”

ಹೇಳಿದವರಿಗೆ ಉಳಿದವರೆಲ್ಲ ಒಕ್ಕೊರಲಿನಿಂದ “ಆಯ್ತು, ನಾವಿದೀವಿ” ಎನ್ನಬೇಕು. ಅಲ್ಲಿಗೆ ಮುಗಿಯಿತು. ಯಾರೂ ನಗುವ ಹಾಗಿಲ್ಲ. ಸೈಕಲ್ಲಿನ ವಿಷಯಕ್ಕೆ ಮಾತ್ರ ನಗಬಹುದು, ಅದಕ್ಕೆ ದೊಡ್ಡಮ್ಮನ ಅಪ್ಪಣೆಯಿದೆ.

ಮೊದಲ ಸಲ ಹೋದಾಗ ಸರದಿ ನನ್ನ ಬಳಿಯೂ ಬಂತು. “ನನಗೆ ಬರದೇ ಇರೋದು ಈ ಭೂಮಿ ಮೇಲೆ ಯಾವುದೂ ಇಲ್ಲ,” ಎಂದೆ. ನನ್ನ ಪಕ್ಕದ ಕುರ್ಚಿಯಿಂದ ಇನ್ನೊಂದು ದನಿ ಎದ್ದಿತು: “ನಂಗೂ ಎಲ್ಲಾ ಬರುತ್ತೆ!”

ಅವಳು ಮೆಣಸು. ನನ್ನ ಮಗಳ ಮಗಳು. ಅಷ್ಟೇ ಗಾತ್ರ, ಅಷ್ಟೇ ಖಾರ, ಅದಕ್ಕೇ ಆ ಹೆಸರು. ಈ ಸೋಮವಾರ ಅವಳು ಒಂದನೇ ತರಗತಿಗೆ ಹೋಗಬೇಕು. ಉಳಿದ ಮಕ್ಕಳೆಲ್ಲ ಇಷ್ಟು ದಿನದಲ್ಲಿ ತಮಗೆ ಬಾರದ್ದನ್ನು ಹೇಳಿ ಹೇಳಿ ಅರ್ಧಕ್ಕರ್ಧ ಕಲಿತೇಬಿಟ್ಟಿದ್ದಾರೆ. ಮೆಣಸು ಮಾತ್ರ ದಿನವೂ ಗದ್ದ ಎತ್ತಿ ಅದೇ ಮಾತು. ಬುಟ್ಟಿಯ ಡಬ್ಬಿ ಕೊಟ್ಟು ತೆಗೆ ಎಂದರೆ, “ಇದು ಹಳೇದು. ನನ್ ಡಬ್ಬಿ ಆದ್ರೆ ಒಂದೇ ಕೈಲಿ ತೆಗೀತೀನಿ.” ತೆಗೆಯುತ್ತಿದ್ದದ್ದೂ ಹೌದು, ಮಧ್ಯಾಹ್ನ ಎಲ್ಲರ ಕಣ್ಣೆದುರೇ. ಒಂದೇ ಕೈಯಲ್ಲಿ ಉಕ್ಕಿನ ಕೋಟೆಯ ಬಾಗಿಲು ಎಳೆದು ತೆರೆಯುವ ಮಗು ಎಂದು ನಾನು ಬಸ್‌ಸ್ಟಾಪಿನಲ್ಲಿ ಗುರುತಿಲ್ಲದವರಿಗೂ ಹೇಳಿದ್ದೇನೆ.

ಕಳೆದ ಬುಧವಾರ ನಾನು ಏಳುವುದು ತಡವಾಯಿತು. ಸೂರ್ಯನನ್ನು ದಿನವೂ ಎಬ್ಬಿಸುವವನೇ ನಾನು, ಆವತ್ತು ಅವನೇ ಏಳಲಿ ಎಂದು ಬಿಟ್ಟೆ. ಮಗಳು ಕೆಲಸಕ್ಕೆ ಹೊರಡುವ ಅವಸರದಲ್ಲಿ ಡಬ್ಬಿ ತುಂಬಿ, ಮುಚ್ಚಳ ಬಿಗಿದು, ಮೆಣಸನ್ನು ದೊಡ್ಡಮ್ಮನ ಬಳಿ ಬಿಟ್ಟುಹೋದಳು. ಸಂಜೆ ಕರೆತರಲು ಹೋದಾಗ ದೊಡ್ಡಮ್ಮ ನನ್ನನ್ನು ಬಾಗಿಲಲ್ಲೇ ತಡೆದರು. ಕೈಯಲ್ಲಿ ಡಬ್ಬಿ. ಎತ್ತಿಕೊಂಡೆ, ಭಾರವಾಗಿತ್ತು.

“ಹಸಿವಿಲ್ಲ ಅಂದ್ಲು. ತಬ್ಕೊಂಡು ಕೂತಿದ್ಲು. ನಾನು ತೆಗೀತೀನಿ ಕೊಡು ಅಂದ್ರೂ ಕೊಡಲಿಲ್ಲ, ನಂಗೆ ಬರುತ್ತೆ ಅಂತ ಹಟ. ಕೊನೆಗೆ ನನ್ ತಟ್ಟೇಲಿರೋದ್ನ ತಿನ್ನಿಸ್ದೆ,” ಎಂದರು. ಆಮೇಲೆ ದನಿ ತಗ್ಗಿಸಿ, “ತಾತನವರೇ, ಇಷ್ಟು ದಿನ ಬೆಳಿಗ್ಗೆ ಬೆಳಿಗ್ಗೆ ಮುಚ್ಚಳ ಸಡಿಲ ಮಾಡಿಡ್ತಿದ್ದೋರು ಯಾರು?”

ನಾನು ಆಕಾಶ ನೋಡಿದೆ. ಅಲ್ಲಿ ಗಮನಿಸಬೇಕಾದ್ದು ಬಹಳವಿತ್ತು.

“ಸೋಮವಾರ ಶಾಲೇಲಿ ನಾನಿರಲ್ಲ, ನೀವೂ ಇರಲ್ಲ. ಮುಚ್ಚಳ ಬರದೇ ಇದ್ರೆ ಚಿಂತೆಯಿಲ್ಲ, ಯಾರಾದ್ರೂ ತೆಗೀತಾರೆ. ಬರಲ್ಲ ಅಂತ ಬಾಯಿ ಬಿಡ್ಬೇಕಲ್ಲ. ಇವಳು ಯಾರನ್ನ ನೋಡಿ ಹೀಗೆ ಕಲ್ತಿದಾಳೋ ನಂಗೊತ್ತಿಲ್ಲಪ್ಪ.” ಗೊತ್ತಿಲ್ಲ ಎನ್ನುವಾಗ ಅವರು ನೇರ ನನ್ನ ಮೂಗನ್ನೇ ನೋಡುತ್ತಿದ್ದರು.

ಶನಿವಾರ ಕೊನೆಯ ಬೆಳಗು. ಸರದಿ ಸುತ್ತಿ ಬರುತ್ತದೆ. ಸೈಕಲ್ ಆಯಿತು, ಜಿಪ್ ಹೋಗಿ ಈಗ ಬೆಲ್ಟು ಬಂದಿದೆ, ಸುಮ್ಮನೆ ಕೂರಲು ಬಾರದವನು ಇವತ್ತು ಅರ್ಧ ಸುತ್ತು ಕೂತಿದ್ದಾನೆ. ಮೆಣಸಿನ ಸರದಿ.

“ನಂಗೆ ಎಲ್ಲಾ ಬರುತ್ತೆ.”

ದೊಡ್ಡಮ್ಮ ಏಳುತ್ತಾರೆ. ಬುಟ್ಟಿಯಿಂದ ಲೇಸಿನ ಶೂ ಒಂದನ್ನು ತೆಗೆದು ನನ್ನ ಮಡಿಲಿಗೆ ಹಾಕುತ್ತಾರೆ. “ತಾತನವರೇ, ಕಟ್ಟಿ ತೋರ್ಸಿ. ಮಕ್ಳು ನೋಡಿ ಕಲೀಲಿ.”

ನಾನು ಹಾಕಿಕೊಳ್ಳುವುದು ಯಾವಾಗಲೂ ಕಾಲು ತೂರಿಸುವ ಶೂ. ಅದನ್ನು ಈ ಹೆಂಗಸು ಯಾವತ್ತು ಗಮನಿಸಿದರೋ. “ಈ ಲೇಸು ಸರಿಯಿಲ್ಲ,” ಎನ್ನುತ್ತೇನೆ. ಬೇರೆ ಶೂ ಬರುತ್ತದೆ. “ಬೆಳಕು ಸಾಲದು.” ಕಿಟಕಿ ತೆರೆಯುತ್ತದೆ. ಎರಡು ತುದಿ ಹಿಡಿದು ಹೇಗೋ ಹೊಸೆದು ಸುತ್ತಿ ಎಳೆಯುತ್ತೇನೆ. ನನ್ನ ಹೆಬ್ಬೆರಳೂ ಗಂಟಿನೊಳಗೆ ಸೇರಿಕೊಳ್ಳುತ್ತದೆ. ಮಕ್ಕಳೆಲ್ಲ ಕುರ್ಚಿಯಿಂದ ಬಗ್ಗಿ ನೋಡುತ್ತಿದ್ದಾರೆ. ಟೈಲರ್ ಕೂಡ ಮಷೀನು ನಿಲ್ಲಿಸಿದ್ದಾನೆ.

ಮೆಣಸು ಕುರ್ಚಿಯಿಂದಿಳಿದು ಬಂದು ನನ್ನ ಹೆಬ್ಬೆರಳನ್ನೇ ನೋಡುತ್ತಾಳೆ. “ತಾತಾ, ನೀನು ಹುಟ್ಟಿದ್ ದಿನಾನೇ ಕಟ್ಕೊಂಡಿದ್ದೆ ಅಲ್ವಾ?”

ಹೆಬ್ಬೆರಳನ್ನು ಬಿಡಿಸಿಕೊಳ್ಳಲು ಎಳೆಯುತ್ತೇನೆ, ಗಂಟು ಇನ್ನಷ್ಟು ಬಿಗಿಯಾಗುತ್ತದೆ.

“ನಂಗೆ ಬರಲ್ಲ ಪುಟ್ಟಾ,” ಎನ್ನುತ್ತೇನೆ. “ಯಾವತ್ತೂ ಬಂದಿಲ್ಲ. ನಿಮ್ಮಜ್ಜಿ ಇರೋವರೆಗೂ ಅವಳೇ ಕಟ್ಕೊಡ್ತಿದ್ಲು. ಆಮೇಲೆ ಲೇಸಿಲ್ಲದ್ದು ತಗೊಂಡೆ.”

ಮೆಣಸು ನನ್ನ ಹೆಬ್ಬೆರಳನ್ನು ಗಂಟಿನಿಂದ ಬಿಡಿಸುತ್ತಾಳೆ. ಆಮೇಲೆ, ಮೊದಲು ಅವಳೊಬ್ಬಳೇ, ಹಿಂದೆಯೇ ಎಲ್ಲರೂ: “ಆಯ್ತು, ನಾವಿದೀವಿ.”

ದೊಡ್ಡಮ್ಮ ಈ ಗಲಾಟೆಯಲ್ಲಿ ಒಳಗೆ ಹೋಗಿ ಕೋಟು, ಕನ್ನಡಕ ಏರಿಸಿಕೊಂಡು ಬಂದಿದ್ದಾರೆ. “ಯಾರಮ್ಮಾ ನೀನು? ಏನಾಗ್ಬೇಕಿತ್ತು?” ಮೆಣಸು ತನ್ನ ಚೀಲ ಹುಡುಕಿ, ಡಬ್ಬಿ ತೆಗೆದು, ಎರಡೂ ಕೈಯಲ್ಲಿ ಮುಂದೆ ಹಿಡಿಯುತ್ತಾಳೆ. ಗದ್ದ ಎತ್ತಿಯೇ ಇದೆ. “ಟೀಚರ್, ನಂಗೆ ಬರಲ್ಲ. ತೆಕ್ಕೊಡಿ.”

ಒಂದು ತಿರುವು. ಹೊಸ ಟೀಚರ್ ಕನ್ನಡಕದೊಳಗೆ ಬೆರಳು ತೂರಿಸಿ ಕಣ್ಣು ಒರೆಸಿಕೊಳ್ಳುತ್ತಾರೆ. ಗಾಜಿಲ್ಲದ್ದರಿಂದ ಅದು ಸುಲಭ.

ನಿಮ್ಮ ಬಗ್ಗೆ ಬರೆಯುತ್ತಿದ್ದೇನೆ, ಏನಾದರೂ ಆಸೆಯಿದೆಯೇ ಎಂದು ಹೊರಡುವಾಗ ಕೇಳುತ್ತೇನೆ. “ಸೋಮವಾರ ಈ ಮಕ್ಳಿಗೆ ನನ್ ನೆನಪು ಬರದೇ ಇದ್ರೆ ಸಾಕು. ಬಂದ್ರೆ ಎಲ್ಲೋ ಏನೋ ಕಲ್ಸೋದು ಬಿಟ್ಟೋಗಿದೆ ಅಂತ,” ಎನ್ನುತ್ತಾರೆ. ಸ್ವಲ್ಪ ಯೋಚಿಸಿ, “ಸೈಕಲ್ಲೂ ಒಂದ್ ಕೈ ನೋಡ್ಬೇಕು.”

ಸೋಮವಾರ ಮೆಣಸು ಶಾಲೆಯ ಗೇಟಿನೊಳಗೆ ಹೋದವಳು ತಿರುಗಿ ನೋಡಲಿಲ್ಲ. ಸಂಜೆ ಡಬ್ಬಿ ಖಾಲಿಯಿತ್ತು. ಯಾರು ತೆಗೆದುಕೊಟ್ಟರು ಎಂದರೆ, “ಪಕ್ಕದಲ್ಲಿ ಕೂರೋಳು. ನಾನೇ ಕೇಳ್ದೆ,” ಎಂದಳು, ಏನೋ ದೊಡ್ಡ ಬೆಟ್ಟ ಹತ್ತಿಬಂದವಳ ಠೀವಿಯಲ್ಲಿ. ಜಂಭ ನಮ್ಮ ವಂಶದ್ದು, ಅದೆಲ್ಲಿ ಹೋಗುತ್ತದೆ. ರಾತ್ರಿ ಊಟವಾದ ಮೇಲೆ ಹಳೆಯ ಶೂ ತಂದು ಎದುರಿಟ್ಟು ನನಗೆ ಪಾಠ ಶುರು ಮಾಡಿದ್ದಾಳೆ. ಮೊದಲ ಗಂಟಿನವರೆಗೂ ಬಂದಿದ್ದೇನೆ.

ಮೇಲೆ ಬರೆದ ಮೊದಲ ಸಾಲನ್ನು ಓದಿ ಕೇಳಿಸಿದಾಗ ಅವಳು ಸೊಂಟದ ಮೇಲೆ ಕೈಯಿಟ್ಟು, “ತಾತಾ, ನಿಜ ಹೇಳು” ಎಂದಳು. ಹೇಳುತ್ತೇನೆ. ಆಸ್ಪತ್ರೆಯಿಂದ ನಾನು ಬಂದದ್ದು ಅಮ್ಮನ ತೋಳಿನಲ್ಲಿ, ದಾರಿಯುದ್ದಕ್ಕೂ ಅಳುತ್ತ. ಕಾಲಿಗೆ ಶೂ ಇರಲಿಲ್ಲ.